ನನ್ನ ಔಟೇ ಮಾಡಲ್ಲ

ಈಚೆಗೆ ಶಿಕ್ಷಕರ ಸಭೆಯೊಂದರಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವ ಮಕ್ಕಳ ಗೆಳೆತನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೆ. ಬಂದಿದ್ದವರಲ್ಲಿ ಕೆಲವರು ಬರೆದುಕೊಡಿ ಮೇಡಂ ಅಂದರು. ಆಡಿದ ಮಾತನ್ನು ಹಾಗೇ ಇಳಿಸಿದರೆ ಓದೋಕಾಗಲ್ಲ, ತುಂಬಾ ತಿದ್ದಿದರೆ ಅದು ನನ್ನ ಮಾತಾಗಿ ಉಳಿಯಲ್ಲ. ಎರಡರ ನಡುವೆ ಎಲ್ಲೋ ನಿಲ್ಲಿಸಿದ್ದೇನೆ. ಮಕ್ಕಳ ಹೆಸರು, ಶಾಲೆಯ ಹೆಸರು ಎಲ್ಲೂ ಹೇಳಿಲ್ಲ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ನೀವು ಚಿಕ್ಕವರಿದ್ದಾಗ ಬೀದಿಯಲ್ಲಿ ಆಡ್ತಿದ್ದಿರಿ ತಾನೇ? ಯಾರದೋ ಮನೆಯ ಮೂರು ವರ್ಷದ ತಮ್ಮ ಅತ್ತುಕೊಂಡು ನಾನೂ ಬರ್ತೀನಿ ಅಂತ ಬಂದರೆ ಏನು ಮಾಡ್ತಿದ್ದಿರಿ?

(ನಾಲ್ಕೈದು ಜನ ಒಟ್ಟಿಗೇ ಹೇಳಿದರು.)

ಹೌದು, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನೂ ಖುಷಿ, ಅವನಮ್ಮನೂ ಖುಷಿ, ನಮ್ಮ ಆಟವೂ ಕೆಡಲಿಲ್ಲ. ಮೂರು ವರ್ಷದವನಿಗೆ ಅದು ನಡೆಯುತ್ತೆ. ಅವನಿಗೆ ಲೆಕ್ಕ ಗೊತ್ತಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಹಾಗೆ ಮಾಡಿದರೆ?

ಆ ಹುಡುಗಿಯನ್ನು ಪುಟ್ಟಿ ಅಂತ ಕರೆಯೋಣ. ಸರ್ಕಾರಿ ಶಾಲೆ, ಐದನೇ ಕ್ಲಾಸು. ಡೌನ್ ಸಿಂಡ್ರೋಮ್ ಇತ್ತು. ಮಾತು ಸ್ವಲ್ಪ ತೊದಲು, ಓದು ಎರಡನೇ ಕ್ಲಾಸಿನಷ್ಟು, ಒಂಟಿ ಕಾಲಲ್ಲಿ ನಿಲ್ಲೋದು ಕಷ್ಟ. ನಾನು ಬ್ಲಾಕಿನ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ಸಂಪನ್ಮೂಲ ಶಿಕ್ಷಕಿ. ವಾರಕ್ಕೊಮ್ಮೆ ಆ ಶಾಲೆಗೆ ಹೋಗ್ತಿದ್ದೆ. ಒಂದು ದಿನ ಬೇವಿನ ಮರದ ಕೆಳಗೆ ಹುಡುಗಿಯರು ಕುಂಟೆಬಿಲ್ಲೆ ಆಡ್ತಿದ್ದರು, ಪುಟ್ಟಿಯೂ ಇದ್ದಳು. ಬಿಲ್ಲೆಯನ್ನು ಎಲ್ಲಿಗೋ ಎಸೆದಳು, ಎರಡೂ ಕಾಲಲ್ಲಿ ದಬದಬ ನಡೆದಳು, ಎಲ್ಲ ಗೆರೆಯನ್ನೂ ತುಳಿದಳು, ಉಳಿದವರು ‘ಸೂಪರ್ ಪುಟ್ಟಿ’ ಅಂತ ಚಪ್ಪಾಳೆ ತಟ್ಟಿದರು. ನಾನು ದೂರದಲ್ಲಿ ನಿಂತು ಕಣ್ಣು ಒರೆಸಿಕೊಂಡೆ. ಫೋಟೋ ತೆಗೆದೆ. ತಿಂಗಳ ವರದಿಗೂ ಅಂಟಿಸಿದೆ.

ಎರಡು ವಾರ ಬಿಟ್ಟು ಹೋದರೆ ಆಟ ನಡೀತಿದೆ, ಪುಟ್ಟಿ ಮಾತ್ರ ಕಟ್ಟೆಯ ಮೇಲೆ ಕೂತಿದ್ದಾಳೆ. ಸುಸ್ತಾಗಿರಬೇಕು ಅಂದುಕೊಂಡೆ. ಅದರ ಮುಂದಿನ ವಾರವೂ ಅಲ್ಲೇ. ಅವಳಮ್ಮ ಸಿಕ್ಕಾಗ ಕೇಳಿದೆ. ‘ಅದೇನೋ ಗೊತ್ತಿಲ್ಲ ಮಿಸ್, ಮನೇಲಿ ಒಂದೇ ಹೇಳ್ತಾಳೆ. ಅವರು ನನ್ನ ಔಟೇ ಮಾಡಲ್ಲ ಅಂತಾಳೆ. ಅಂದ್ರೆ ಆಟಕ್ಕೆ ಸೇರಿಸಲ್ವಾ ಮಿಸ್?’

ಸೇರಿಸ್ತಾರಮ್ಮ ಅಂದೆ. ಔಟ್ ಮಾತ್ರ ಮಾಡಲ್ಲ.

ನೂರರವರೆಗೆ ಎಣಿಸೋಕೆ ಬಾರದ ಹುಡುಗಿ ತಾನು ಲೆಕ್ಕದಲ್ಲಿಲ್ಲ ಅನ್ನೋದನ್ನು ಎರಡೇ ವಾರದಲ್ಲಿ ಕಂಡುಕೊಂಡಿದ್ದಳು. ವಿಶೇಷ ಬಿ.ಇಡಿ. ಮಾಡಿದ ನನಗೆ ಅದು ಕಾಣಿಸಿರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಒಂದು ವಾಕ್ಯದ ಸುತ್ತಲೇ ಸುತ್ತೋದು.

ನಾವು ಮೇಷ್ಟ್ರುಗಳು, ಮಿಸ್‌ಗಳು ಒಂದು ತಪ್ಪು ಮಾಡ್ತೀವಿ. ಬೌದ್ಧಿಕ ಅಸಾಮರ್ಥ್ಯ ಇರುವ ಮಗುವಿಗೆ ಉಳಿದ ಮಕ್ಕಳು ಕರುಣೆ ತೋರಿಸಿದರೆ ಅದನ್ನೇ ಗೆಳೆತನ ಅಂತ ಬರೆದುಕೊಂಡುಬಿಡ್ತೀವಿ. (ಹಳೆಯ ಫೈಲುಗಳಲ್ಲಿ ಇನ್ನೂ ಬುದ್ಧಿಮಾಂದ್ಯ ಅಂತಲೇ ಇದೆ. ಆ ಪದವನ್ನು ಆಟದ ಬಯಲಲ್ಲಿ ಮಕ್ಕಳ ಬಾಯಲ್ಲಿ ಬೈಗುಳವಾಗಿ ಕೇಳಿದವರಿಗೆ ಅದನ್ನು ಯಾಕೆ ಬಿಡಬೇಕು ಅಂತ ನಾನು ಹೇಳಬೇಕಿಲ್ಲ.) ಬ್ಯಾಗು ಹಿಡ್ಕೊಳ್ಳೋದು, ತಟ್ಟೆ ತೊಳೆದುಕೊಡೋದು, ಕೈ ಹಿಡಿದು ಟಾಯ್ಲೆಟ್ಟಿಗೆ ಕರ್ಕೊಂಡು ಹೋಗೋದು, ಇವೆಲ್ಲ ಒಳ್ಳೆಯ ಕೆಲಸವೇ. ಆದರೆ ನಿಮ್ಮ ಗೆಳತಿಯನ್ನು ನೆನೆಸಿಕೊಳ್ಳಿ. ಅವಳು ಬರೀ ನಿಮ್ಮ ಬ್ಯಾಗು ಹಿಡ್ಕೊಳ್ಳೋಳಾ? ಅವಳ ಜೊತೆ ಜಗಳ ಆಡಿಲ್ವಾ, ಅವಳ ಗುಟ್ಟು ಇಟ್ಟುಕೊಂಡಿಲ್ವಾ, ಅವಳು ಬೇರೆಯವರ ಪಕ್ಕ ಕೂತಾಗ ಹೊಟ್ಟೆ ಉರಿದಿಲ್ವಾ?

ನಾನೇ ಮಾಡಿದ ಇನ್ನೊಂದು ಎಡವಟ್ಟು ಹೇಳ್ತೀನಿ. ಇದು ಇನ್ನೂ ಹಳೆಯದು. ಒಬ್ಬ ಹುಡುಗನಿಗೆ ಗೆಳೆಯರಿಲ್ಲ ಅಂತ ಕ್ಲಾಸ್ ಟೀಚರ್ ಜೊತೆ ಸೇರಿ ಗೋಡೆಗೆ ಒಂದು ಚಾರ್ಟ್ ಹಾಕಿದೆ. ಸೋಮವಾರದ ಗೆಳೆಯ ಯಾರು, ಮಂಗಳವಾರದ ಗೆಳೆಯ ಯಾರು, ಹೀಗೆ. ಪಕ್ಕದಲ್ಲೇ ಕ್ಲಾಸ್ ರೂಮ್ ಗುಡಿಸುವ ಸರದಿಯ ಚಾರ್ಟೂ ಇತ್ತು ಅನ್ನೋದು ಆಗ ನನಗೆ ಹೊಳೆಯಲಿಲ್ಲ. ಒಂದು ತಿಂಗಳಾದ ಮೇಲೆ ಒಬ್ಬ ಹುಡುಗ ಬಂದು ‘ಮಿಸ್, ಇವತ್ತು ನಂದು ಕಸಾನೂ ಇದೆ, ಇವನೂ ಇದಾನೆ, ಒಂದು ಬೇರೆಯವರಿಗೆ ಕೊಡಿ’ ಅಂದ. ಅವತ್ತೇ ಚಾರ್ಟ್ ಕಿತ್ತೆ. ಆ ಮಕ್ಕಳನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿ ಹೊಗಳಿದ್ದೆ ಬೇರೆ. ಅವನ ಜೊತೆ ಇರೋದು ಹೊಗಳಿಸಿಕೊಳ್ಳಬೇಕಾದಷ್ಟು ಕಷ್ಟದ ಕೆಲಸ ಅಂತ ಇಡೀ ಶಾಲೆಗೆ ಮೈಕಿನಲ್ಲಿ ಹೇಳಿದ ಹಾಗಾಯ್ತು.

ಹಾಗಾದ್ರೆ ಏನು ಮಾಡೋದು? ಕೈ ಕಟ್ಟಿ ಕೂತರೆ ಗೆಳೆತನ ತಾನಾಗಿ ಹುಟ್ಟುತ್ತಾ? ಉಳಿದ ಮಕ್ಕಳಿಗೆ ಹುಟ್ಟಬಹುದು. ಈ ಮಕ್ಕಳಿಗೆ ಸ್ವಲ್ಪ ಜಾಗ ಮಾಡಿಕೊಡಬೇಕು. ಎಲ್ಲಿ ಜಾಗ ಇಲ್ಲ ಅಂತ ತಿಳಿಯೋಕೆ ನಾನು ಬಳಸೋ ಒಂದು ಉಪಾಯ ಇದೆ, ಕೆನಡಾದಿಂದ ಬಂದದ್ದು. ಅಲ್ಲಿ ಮಾರ್ಷಾ ಫಾರೆಸ್ಟ್, ಜೂಡಿತ್ ಸ್ನೋ ಮುಂತಾದವರು 1980ರ ದಶಕದಲ್ಲಿ ಗೆಳೆಯರ ಬಳಗ ಕಟ್ಟುವ ಕೆಲಸ ಶುರು ಮಾಡಿದರು. ಒಂದರೊಳಗೊಂದು ನಾಲ್ಕು ವೃತ್ತ ಬರೀರಿ. ನಡುವಿನದರಲ್ಲಿ ತೀರಾ ಹತ್ತಿರದವರು, ಅಂದರೆ ಮನೆಯವರು. ಎರಡನೆಯದರಲ್ಲಿ ಗೆಳೆಯರು. ಮೂರನೆಯದರಲ್ಲಿ ಒಟ್ಟಿಗೆ ಆಡುವವರು, ಒಟ್ಟಿಗೆ ಭಜನೆಗೆ ಹೋಗುವವರು, ಅಂಥವರು. ಹೊರಗಿನದರಲ್ಲಿ ಸಂಬಳಕ್ಕೋ ಫೀಸಿಗೋ ಬಂದು ಹೋಗುವವರು.

ಪುಟ್ಟಿಯ ಅಮ್ಮನಿಗೆ ಒಂದು ಹಾಳೆ ಕೊಟ್ಟೆ. ನಡುವೆ ತಾನು, ಗಂಡ, ಅಜ್ಜಿ, ಅಣ್ಣ ಅಂತ ಬರೆದರು. ಹೊರಗಿನ ವೃತ್ತದಲ್ಲಿ ಡಾಕ್ಟ್ರು, ಸ್ಪೀಚ್ ಥೆರಪಿಯವರು, ಅಂಗನವಾಡಿ ಟೀಚರು, ನಾನು. ಅಲ್ಲಿ ಜಾಗ ಸಾಲದೆ ಹಾಳೆಯ ಅಂಚಿಗೂ ಬರೆದರು. ಆಮೇಲೆ ಪೆನ್ನು ಹಿಡ್ಕೊಂಡು ಸುಮ್ನೆ ಕೂತರು. ಮಧ್ಯದ ಎರಡು ವೃತ್ತ ಖಾಲಿ. ‘ಇಲ್ಲಿ ಯಾರನ್ನ ಬರೀಲಿ ಮಿಸ್’ ಅಂದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಇನ್ನು ಮುಂದೆ ಹೇಳೋದು ನಮಗೆ ಸ್ವಲ್ಪ ಚುಚ್ಚುತ್ತೆ. ಮಧ್ಯ ಖಾಲಿ ಇರೋದಕ್ಕೆ ಎಷ್ಟೋ ಸಲ ನಾವು ದೊಡ್ಡವರೇ ಕಾರಣ. ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಶ್ಯಾಡೋ ಟೀಚರ್ ಅಂತ ಇರ್ತಾರೆ, ಮಗುವಿನ ಪಕ್ಕದಲ್ಲೇ ಇಡೀ ದಿನ ಕೂರೋರು. ನಮ್ಮ ಹಳ್ಳಿ ಶಾಲೆಗಳಲ್ಲಿ ಆ ಜಾಗದಲ್ಲಿ ಅಮ್ಮ ಇರ್ತಾರೆ, ಇಲ್ಲಾಂದ್ರೆ ಮಗುವನ್ನು ಟೀಚರ್ ಟೇಬಲ್ಲಿಗೆ ಅಂಟಿಸಿ ಕೂರಿಸಿರ್ತೀವಿ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮೈಕೆಲ್ ಜಿಯಾಂಗ್ರೆಕೊ ಮತ್ತು ಜೊತೆಗಾರರು 1997ರಲ್ಲಿ ಇದರ ಬಗ್ಗೆ ಬರೆದರು. ಸಹಾಯಕರು ಮಗುವಿಗೆ ಅಂಟಿಕೊಂಡೇ ಇದ್ದರೆ ಓರಗೆಯ ಮಕ್ಕಳು ಹತ್ತಿರ ಬರೋದೇ ಕಮ್ಮಿಯಾಗುತ್ತೆ ಅಂತ ಅವರು ಕ್ಲಾಸುಗಳಲ್ಲಿ ಕೂತು ನೋಡಿ ಹೇಳಿದರು. ಅದು ನಮಗೂ ಗೊತ್ತಿರೋದೇ, ಅಲ್ವಾ? ಹೆಡ್ ಮಾಸ್ಟರು ಪಕ್ಕದಲ್ಲಿ ಕೂತಿದ್ದರೆ ನೀವು ಗೆಳತಿ ಜೊತೆ ಹರಟೆ ಹೊಡೀತೀರಾ? ಆಮೇಲೆ ಎರಿಕ್ ಕಾರ್ಟರ್ ಅನ್ನುವವರ ತಂಡ ಹೈಸ್ಕೂಲುಗಳಲ್ಲಿ ಬೇರೆ ದಾರಿ ನೋಡಿತು. ದೊಡ್ಡವರ ಬದಲು ಅದೇ ಕ್ಲಾಸಿನ ಒಬ್ಬಿಬ್ಬರು ಪಕ್ಕದಲ್ಲಿ ಕೂತು ಜೊತೆಗೆ ಕೆಲಸ ಮಾಡಬೇಕು, ಟೀಚರ್ ಅವರಿಗೆ ಹೇಗೆ ಅಂತ ತೋರಿಸಿಕೊಟ್ಟು ಹಿಂದೆ ಸರಿಯಬೇಕು. ಹಾಗೆ ಮಾಡಿದಲ್ಲಿ ಮಾತುಕತೆ ಜಾಸ್ತಿಯಾಯ್ತು, ಹೊಸ ಗೆಳೆಯರೂ ಸಿಕ್ಕರು. ಹಿಂದೆ ಸರಿಯೋದು ಅನ್ನೋದೇ ಅದರಲ್ಲಿ ಕಷ್ಟದ ಭಾಗ.

ಇದಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಮ್ಮ ನಲಿ-ಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ಕ್ಲಾಸಿನ ಕಲಿಕಾ ಪದ್ಧತಿಯಲ್ಲಿ, ಸಹಪಾಠಿಗಳ ಸಹಾಯದಿಂದ ಕಲಿಯುವ ಗುಂಪು ಅಂತಲೇ ಇದೆ. ಮಕ್ಕಳು ನೆಲದ ಮೇಲೆ ಸುತ್ತ ಕೂರ್ತಾರೆ, ಒಬ್ಬೊಬ್ಬರು ಕಲಿಕಾ ಏಣಿಯ ಒಂದೊಂದು ಮೆಟ್ಟಿಲಲ್ಲಿ ಇರ್ತಾರೆ, ಹಿಂದೆ ಇದ್ದಾನೆ ಅಂತ ಯಾರೂ ಯಾರನ್ನೂ ನೋಡಲ್ಲ. ನಾನು ನೋಡಿದ ಹಾಗೆ ನಮ್ಮ ಮಕ್ಕಳಿಗೆ ಮೂರನೇ ಕ್ಲಾಸಿನವರೆಗೆ ಗೆಳೆಯರು ಇರ್ತಾರೆ. ನಾಲ್ಕಕ್ಕೆ ಬಂದಾಗ ಎಲ್ಲರೂ ಸಾಲಾಗಿ ಬೋರ್ಡಿಗೆ ಮುಖ ಮಾಡಿ ಕೂರ್ತಾರೆ, ಎಲ್ಲರಿಗೂ ಒಂದೇ ಪುಟ. ಅಲ್ಲಿಂದ ಮಗು ಒಂಟಿ. ನಾಲ್ಕನೇ ಕ್ಲಾಸಿನ ಟೀಚರ್‌ಗಳು ಇಲ್ಲಿ ಯಾರಿದ್ದೀರಿ? ದಿನಕ್ಕೆ ಒಂದು ಪೀರಿಯಡ್ ಸುತ್ತ ಕೂರಿಸಿ ಸಾಕು.

ಇನ್ನೊಂದು ಕೆಟ್ಟ ಅಭ್ಯಾಸ. ‘ಇವನಿಗೆ ಐದು ವರ್ಷದ ಬುದ್ಧಿ’ ಅಂದು ಹದಿಮೂರು ವರ್ಷದ ಹುಡುಗನನ್ನು ಒಂದನೇ ಕ್ಲಾಸಿನಲ್ಲಿ ಕೂರಿಸೋದು. ಅವನಿಗೆ ಮೀಸೆ ಚಿಗುರ್ತಿದೆ, ಪಕ್ಕದವನಿಗೆ ಹಾಲುಹಲ್ಲು ಬಿದ್ದಿಲ್ಲ. ಯಾರು ಯಾರಿಗೆ ಗೆಳೆಯರಾಗಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ ಅನ್ನುತ್ತೆ. ಪಾಠ ಬೇರೆ ಮಟ್ಟದ್ದು ಕೊಡಿ, ಬೆಂಚು ಓರಗೆಯವರ ಜೊತೆಗೇ ಇರಲಿ. ಕ್ರಿಕೆಟ್ಟು, ಸಿನಿಮಾ, ಹೊಸ ಶೂ, ಯಾರ ಮದುವೆಯಲ್ಲಿ ಏನು ಊಟ, ಇದೆಲ್ಲ ಆ ಬೆಂಚಿನಲ್ಲಿ ಸಿಗೋದು.

ಮತ್ತೆ, ಮಗುವಿಗೆ ಏನು ಬರಲ್ಲ ಅನ್ನೋ ಪಟ್ಟಿ ನಮ್ಮ ಹತ್ತಿರ ಉದ್ದಕ್ಕೆ ಇರುತ್ತೆ. ಏನು ಇಷ್ಟ ಅನ್ನೋದು ಬರೆದಿರಲ್ಲ. ತಿಪಟೂರು ಕಡೆಯ ಒಬ್ಬ ಹುಡುಗ, ಏಳನೇ ಕ್ಲಾಸು, ಅಕ್ಷರ ಪೂರ್ತಿ ಬರ್ತಿರಲಿಲ್ಲ. ಆದರೆ ರಸ್ತೆಗೆ ಬರುವ ಬಸ್ಸಿನ ಸದ್ದು ಕೇಳಿಯೇ ಅದು ಹುಳಿಯಾರು ಬಸ್ಸೋ ಅರಸೀಕೆರೆ ಬಸ್ಸೋ ಹೇಳ್ತಿದ್ದ. ಯಾವುದು ಎಷ್ಟು ಹೊತ್ತಿಗೆ, ಯಾವುದು ಭಾನುವಾರ ಬರಲ್ಲ, ಎಲ್ಲ ಬಾಯಿಪಾಠ. ಕ್ಲಾಸಿನಲ್ಲಿ ಅದೊಂದು ತಮಾಷೆಯಾಗಿತ್ತು. ಅವರ ಗಣಿತದ ಮೇಷ್ಟ್ರು, ಜಾಣ ಮನುಷ್ಯ, ಬಸ್ ವೇಳಾಪಟ್ಟಿ ಮಾಡೋದನ್ನೇ ಗುಂಪಿನ ಕೆಲಸವಾಗಿ ಕೊಟ್ಟರು. ಬರೆಯೋನು ಒಬ್ಬ, ಗೆರೆ ಹಾಕೋನು ಒಬ್ಬ, ಹೇಳೋನು ಇವನು. ಇವನಿಲ್ಲದೆ ಆ ಕೆಲಸ ಮುಂದೆ ಹೋಗೋಹಾಗೇ ಇರಲಿಲ್ಲ. ಪಟ್ಟಿ ಮುಗಿದ ಮೇಲೂ ಆ ಇಬ್ಬರಲ್ಲಿ ಒಬ್ಬ ಇವನ ಜೊತೆ ಸಂಜೆ ಬಸ್ ಸ್ಟಾಪಿನಲ್ಲಿ ಕೂರೋಕೆ ಶುರು ಮಾಡಿದ. ಬಸ್ ಹತ್ತೋಕಲ್ಲ. ಯಾವ ಬಸ್ ಅಂತ ಪಂದ್ಯ ಕಟ್ಟೋಕೆ. ಸೋತವನು ಕಡಲೆ ಮಿಠಾಯಿ ಕೊಡಿಸಬೇಕು. ಇವನೇ ಯಾವಾಗಲೂ ಗೆಲ್ತಿದ್ದ ಅಂತ ಬೇರೆ ಹೇಳಬೇಕಾಗಿಲ್ಲ.

ಹೇಳಿಕೊಡಬೇಕಾದದ್ದೂ ಇದೆ, ಎರಡೂ ಕಡೆಗೆ. ಎಷ್ಟೋ ಮಕ್ಕಳು ಆಟಕ್ಕೆ ಸೇರೋದು ತಳ್ಳಿ, ಇಲ್ಲ ಚೆಂಡು ಕಿತ್ತುಕೊಂಡು ಓಡಿ. ಅದು ಜಗಳ ಅಂತ ನಾವು ಬೈತೀವಿ. ‘ನಾನೂ ಬರ್ಲಾ’ ಅನ್ನೋದಕ್ಕೆ ಅವರಿಗೆ ಗೊತ್ತಿರೋ ದಾರಿ ಅದೊಂದೇ ಆಗಿರುತ್ತೆ. ಆ ಎರಡು ಪದವನ್ನೇ ನಾಟಕದ ಹಾಗೆ ಆಡಿಸಿ ಕಲಿಸಿ. ಮಾತು ಬರದಿದ್ದರೆ ಭುಜ ತಟ್ಟಿ ಚೆಂಡಿನ ಕಡೆ ಬೆರಳು ತೋರಿಸೋದು. ‘ಈಗ ಬೇಡ’ ಅಂದರೆ ಏನು ಮಾಡಬೇಕು ಅನ್ನೋದನ್ನೂ ಕಲಿಸಿ, ಅದು ಇನ್ನೂ ಮುಖ್ಯ. ಉಳಿದ ಮಕ್ಕಳಿಗೆ ನಾನು ಹೇಳೋದು ಒಂದೇ: ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರುತ್ತೆ, ನಿಧಾನವಾಗಿ ಬರುತ್ತೆ. ಮಕ್ಕಳು ಇದನ್ನು ಬೇಗ ಕಲೀತಾರೆ. ನಾವೇ ಮೂರಕ್ಕೇ ಬಾಯಿ ಹಾಕ್ತೀವಿ.

ಈಗ ಪುಟ್ಟಿಯ ಹತ್ತಿರ ವಾಪಸ್ ಬರೋಣ. ಅವಳಮ್ಮ ಹೇಳಿದ್ದನ್ನು ನಾನು ಆ ಹುಡುಗಿಯರಿಗೆ ಹಾಗೇ ಹೇಳಿದೆ. ಬುದ್ಧಿವಾದ ಏನೂ ಸೇರಿಸಲಿಲ್ಲ. ಸುಮ್ಮನಿದ್ದರು. ಆಮೇಲೆ ಒಬ್ಬಳು, ‘ಔಟ್ ಮಾಡಿದ್ರೆ ಅವಳು ದಿನಾ ಔಟೇ ಆಗ್ತಾಳೆ ಮಿಸ್, ಕುಂಟೋಕೆ ಬರಲ್ವಲ್ಲ’ ಅಂದಳು. ಹೌದಲ್ಲ, ಏನು ಮಾಡೋಣ ಅಂದೆ. ಕುಂಟೆಬಿಲ್ಲೆಯಲ್ಲಿ ಗೆದ್ದವರಿಗೆ ಒಂದು ಮನೆ ಸಿಗುತ್ತೆ, ಗೊತ್ತಲ್ಲ, ಅಲ್ಲಿ ಎರಡೂ ಕಾಲು ಊರಿ ನಿಲ್ಲಬಹುದು. ಹುಡುಗಿಯರೇ ಕೂಡಿ ಮಾತಾಡಿ ಪುಟ್ಟಿಗೆ ಮೊದಲೇ ಎರಡು ಮನೆ ಕೊಟ್ಟರು. ಅಲ್ಲಿ ಕಾಲು ಊರಬಹುದು, ಬೇರೆ ಮನೆಯಲ್ಲಿ ಗೋಡೆ ಹಿಡಿದ ಹಾಗೆ ಯಾರದಾದ್ರೂ ಕೈ ಹಿಡೀಬಹುದು. ಗೆರೆ ತುಳಿದರೆ ಔಟ್. ಅದರಲ್ಲಿ ರಿಯಾಯಿತಿ ಇಲ್ಲ. ನಾನು ಕೂತು ಯೋಚಿಸಿದ್ದರೆ ಇಷ್ಟು ಚೆನ್ನಾಗಿ ಹೊಳೀತಿರಲಿಲ್ಲ. ಸ್ಪೆಷಲ್ ಒಲಿಂಪಿಕ್ಸ್‌ನವರು ಬೌದ್ಧಿಕ ಅಸಾಮರ್ಥ್ಯ ಇರುವವರನ್ನೂ ಇಲ್ಲದವರನ್ನೂ ಒಂದೇ ತಂಡದಲ್ಲಿ ಆಡಿಸೋ ಯೂನಿಫೈಡ್ ಆಟಗಳೂ ಇದೇ ದಾರಿಯವು. ಅಂಕಕ್ಕೂ ಸೋಲಿಗೂ ಇಬ್ಬರೂ ಪಾಲುದಾರರು.

ಮೊದಲ ದಿನ ಪುಟ್ಟಿ ಮೂರನೇ ಮನೆಗೇ ಗೆರೆ ತುಳಿದಳು. ‘ಔಟ್!’ ಅಂತ ಒಬ್ಬಳು ಕೂಗಿದಳು. ಪುಟ್ಟಿ ಜೋರಾಗಿ ಅತ್ತಳು, ಬಿಲ್ಲೆ ಎಸೆದಳು, ಅದು ಇನ್ನೊಬ್ಬಳ ಮೊಣಕಾಲಿಗೆ ತಾಗಿತು. ಆ ಹುಡುಗಿ ಕಿರುಬೆರಳು ತೋರಿಸಿ, ‘ಹೋಗೇ, ನಿನ್ನ ಜೊತೆ ಟೂ’ ಅಂದಳು.

ನನ್ನ ಕಾಲು ಆ ಕಡೆ ಹೊರಟಿತ್ತು. ಕ್ಲಾಸ್ ಟೀಚರ್ ನನ್ನ ಸೆರಗು ಹಿಡಿದು ನಿಲ್ಲಿಸಿದರು. ‘ಇರಿ ಮೇಡಂ. ಅವಳಿಗೆ ಇದುವರೆಗೂ ಯಾರೂ ಟೂ ಬಿಟ್ಟಿರಲಿಲ್ಲ.’ ನಾನು ಅದನ್ನು ಎಣಿಸಿಯೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಟೂ. ಎರಡು ದಿನ ಇಬ್ಬರೂ ಮಾತಾಡಲಿಲ್ಲವಂತೆ. ಮೂರನೇ ದಿನ ಪುಟ್ಟಿ ಬಿಸಿಯೂಟದ ಹೊತ್ತಿಗೆ ತನ್ನ ಬಾಳೆಹಣ್ಣು ತಂದು ಅವಳ ತಟ್ಟೆಯಲ್ಲಿಟ್ಟಳಂತೆ, ಅವಳು ಅರ್ಧ ಮುರಿದು ವಾಪಸ್ ಕೊಟ್ಟಳಂತೆ. ನನ್ನ ವರದಿಯಲ್ಲಿ ಬರೆಯೋಕೆ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಬಾಳೆಹಣ್ಣು ಅಂದಾಗ ಒಂದು ಎಚ್ಚರಿಕೆ. ಎಲ್ಲ ಕೊಡುಕೊಳ್ಳೋದೂ ಗೆಳೆತನವಲ್ಲ. ಇನ್ನೊಬ್ಬ ಹುಡುಗ ವಾರವಾರ ತನ್ನ ಮೊಟ್ಟೆಯನ್ನು ‘ಫ್ರೆಂಡ್’ಗೆ ಕೊಡ್ತಿದ್ದ. ಕೊಡದಿದ್ದರೆ ಫ್ರೆಂಡ್‌ಶಿಪ್ ಕಟ್ ಅಂತ ಆ ಫ್ರೆಂಡ್ ಹೇಳಿದ್ದ. ಒಬ್ಬನಾದ್ರೂ ಇರಲಿ ಅಂತ ಈ ಮಕ್ಕಳು ಏನು ಬೇಕಾದರೂ ಕೊಡ್ತಾರೆ, ದೊಡ್ಡವರಾದ ಮೇಲೆ ದುಡ್ಡೂ ಕೊಡ್ತಾರೆ, ಅದಕ್ಕಿಂತ ಕೆಟ್ಟದ್ದಕ್ಕೂ ಸಿಕ್ಕಿಕೊಳ್ತಾರೆ. ‘ಅವನೂ ನಿನಗೆ ಕೊಡ್ತಾನಾ?’ ಅಂತ ಕೇಳಿಕೊಳ್ಳೋದನ್ನು ಮೊಟ್ಟೆಯ ವಯಸ್ಸಿನಲ್ಲೇ ಕಲಿಸಬೇಕು. ಬೇಡ ಅನ್ನೋದನ್ನೂ.

ಇಷ್ಟು ಹೊತ್ತು ಸಾಮಾನ್ಯ ಶಾಲೆಯ ಮಾತಾಯ್ತು. ವಿಶೇಷ ಶಾಲೆಯವರೂ ಇಲ್ಲಿದ್ದೀರಿ. ನಾನೂ ಮೊದಲು ಒಂಬತ್ತು ವರ್ಷ ಅಲ್ಲೇ ಇದ್ದವಳು. ಈ ಮಕ್ಕಳು ಪರಸ್ಪರ ಗೆಳೆಯರಾಗೋದನ್ನು ನಾವು ಸ್ವಲ್ಪ ಕೀಳಾಗಿ ನೋಡ್ತೀವಿ. ‘ನಾರ್ಮಲ್’ ಮಕ್ಕಳ ಜೊತೆ ಸೇರಿದರೆ ಸಾಧನೆ, ತಮ್ಮತಮ್ಮಲ್ಲೇ ಸೇರಿದರೆ ಗಲಾಟೆ. ನಮ್ಮಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬನಿಗೆ ಮಾತೇ ಇಲ್ಲ, ಇನ್ನೊಬ್ಬನಿಗೆ ಮಾತು ನಿಲ್ಲಲ್ಲ. ಸದಾ ಒಟ್ಟಿಗೆ. ಪೇಪರ್ ಕವರ್ ಅಂಟಿಸೋ ಕೆಲಸ ಕೊಟ್ಟರೆ ಅಂಟನ್ನು ಒಬ್ಬರ ಕೈಗೊಬ್ಬರು ಬಳಿದುಕೊಂಡು ನಗೋರು. ಕೆಲಸ ಆಗಲ್ಲ ಅಂತ ಬೇರೆ ಬೇರೆ ಟೇಬಲ್ಲಿಗೆ ಹಾಕಿದೆವು. ಕವರ್ ಜಾಸ್ತಿ ಆಯ್ತು. ಮಾತಿಲ್ಲದವನು ಊಟ ಬಿಟ್ಟ.

ಮತ್ತೆ ಒಟ್ಟಿಗೆ ಕೂರಿಸಿದೆವು. ಆದರೆ ಹದಿನೆಂಟು ತುಂಬಿ ಶಾಲೆ ಬಿಟ್ಟ ಮೇಲೆ? ಅವರ ಗೆಳೆತನ ಶಾಲೆಯ ವ್ಯಾನಿನಲ್ಲಿ ಶುರುವಾಗಿ ವ್ಯಾನಿನಲ್ಲೇ ಮುಗಿಯೋದು. ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ, ಅಪ್ಪ ಅಮ್ಮಂದಿರಿಗೆ ಪರಿಚಯ ಇಲ್ಲ. ಅಲ್ಲಿ ನಾವು ಮಾಡಿದ್ದು ಬಹಳ ಸಣ್ಣ ಕೆಲಸ. ಎರಡೂ ಮನೆಯವರನ್ನು ಕೇಳಿ, ಅಮ್ಮಂದಿರ ನಂಬರ್ ಒಬ್ಬರಿಂದೊಬ್ಬರಿಗೆ ಕೊಟ್ಟೆವು. ಓದು ಬರಹ ಬರದಿದ್ದರೇನು, ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸೋಕೆ ಒಂದು ಗುಂಡಿ ಒತ್ತೋದು ಕಲಿತರೆ ಸಾಕು. ಮಾತಾಡೋನು ದಿನಾ ರಾತ್ರಿ ಮೂರು ನಿಮಿಷದ ಮೆಸೇಜ್ ಕಳಿಸ್ತಾನೆ. ಇವನು ನಗು ಕಳಿಸ್ತಾನೆ. ಬರೀ ನಗು, ಏಳೆಂಟು ಸೆಕೆಂಡು. ಇವನ ಅಮ್ಮ ನನಗೆ ಒಂದು ಕೇಳಿಸಿದರು.

ಕಾಯ್ದೆಯ ಬಗ್ಗೆ ಕೇಳ್ತೀರಿ ಅಂತ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಮು ಮಗುವಿನ ಓದಿನ ಬೆಳವಣಿಗೆ ಜೊತೆಗೆ ಸಾಮಾಜಿಕ ಬೆಳವಣಿಗೆಗೂ ಬೇಕಾದ ನೆರವು ಕೊಡಿ ಅನ್ನುತ್ತೆ. ಆದ್ದರಿಂದ ಐಇಪಿಯಲ್ಲಿ, ಅಂದರೆ ಆ ಮಗುವಿಗೆಂದೇ ಬರೆಯುವ ಕಲಿಕಾ ಯೋಜನೆಯಲ್ಲಿ, ಗುಂಡಿ ಹಾಕೋದು, 20ರವರೆಗೆ ಎಣಿಸೋದು ಬರೆದ ಕಡೆ ಇನ್ನೊಂದು ಸಾಲಿಗೂ ಜಾಗ ಇದೆ. ಪುಟ್ಟಿಯದರಲ್ಲಿ ನಾನು ‘ಒಬ್ಬರನ್ನು ಹೆಸರು ಹಿಡಿದು ಆಟಕ್ಕೆ ಕರೆಯುವುದು’ ಅಂತ ಬರೆದೆ. ಸಾಹೇಬರು ಅದೇನು ಗುರಿ ಅಂತ ಕೇಳಿದರು. ಸಹಿ ಹಾಕಿದರು, ಅಷ್ಟು ಸಾಕು.

ಮಾತು ಮುಗಿದ ಮೇಲೆ ಒಬ್ಬರು ಮೇಷ್ಟ್ರು ಎದ್ದು ನಿಂತರು. ‘ಮೇಡಂ, ನನ್ನ ಕ್ಲಾಸಿನಲ್ಲೂ ಒಬ್ಬ ಇದಾನೆ. ನಾಳೆ ಬೆಳಿಗ್ಗೆ ಹೋಗಿ ಮೊದಲು ಏನು ಮಾಡಲಿ?’ ಬೆಳಿಗ್ಗೆ ಏನೂ ಬೇಡ, ಮಧ್ಯಾಹ್ನ ಊಟದ ಸಾಲಲ್ಲಿ ಅವನು ಯಾರ ಪಕ್ಕ ಕೂರ್ತಾನೆ ನೋಡಿ, ಅಷ್ಟೇ ಅಂದೆ.

ಒಂದು ವಾರ ಬಿಟ್ಟು ಫೋನ್ ಮಾಡಿದರು. ‘ನೋಡಿದೆ ಮೇಡಂ. ಸಾಲಲ್ಲೇ ಇಲ್ಲ. ಅಡುಗೆಮನೆ ಬಾಗಿಲಲ್ಲಿ ಅಡುಗೆಯಮ್ಮನ ಪಕ್ಕ ಕೂರ್ತಾನೆ. ಮೂರು ವರ್ಷದಿಂದ ಅಲ್ಲೇ ಅಂತೆ, ನನಗೆ ಗೊತ್ತೇ ಇರಲಿಲ್ಲ.’

ಎಲ್ಲಿ ಕೂರಬೇಕು ಅಂತ ಅವನನ್ನೇ ಕೇಳಿದ್ರಾ ಅಂದೆ.

‘ಕೇಳಿದೆ. ಸುಮ್ನೆ ನಿಂತಿದ್ದ. ನೀವು ಹೇಳಿದ್ರಲ್ಲ, ಹತ್ತು ಎಣಿಸಿದೆ. ಎಂಟಕ್ಕೆ ಬೆರಳು ತೋರಿಸಿದ.’